ಮೂರನೆಯ ಸಾಕು

ನಮ್ಮೂರಿನಲ್ಲಿ ದೊಡ್ಡ ಓದಿಗೆ ಅರ್ಜಿ ಹಾಕಿದರೆ ಪರೀಕ್ಷೆಯೇ ಮನೆಗೆ ಬಂದು ಚಾಪೆಯ ಮೇಲೆ ಕೂರುತ್ತದೆ. ಕೈಕಾಲು ತೊಳೆದು, ಚಹಾ ಕುಡಿದು, "ಇನ್ನು ಶುರು ಮಾಡೋಣವೇ?" ಎನ್ನುತ್ತದೆ. ಅವತ್ತಿನಿಂದ ತೊಂಬತ್ತು ದಿನ ಮನೆಯವರೆಲ್ಲ ಆ ಪರೀಕ್ಷೆ ಹೇಳಿದ ರೀತಿಯಲ್ಲೇ ಮಾತಾಡಬೇಕು. ತಪ್ಪಿ ಬೇರೆ ರೀತಿ ಬಾಯಿ ಬಿಟ್ಟರೆ ನೋಟುಬುಕ್ಕಿನಲ್ಲಿ ಒಂದು ಗೆರೆ. ನೂರು ಗೆರೆ ಬಿದ್ದರೆ ಅರ್ಜಿ ರದ್ದು. ಒಬ್ಬರಿಗೆ ಜನ್ಮಕ್ಕೊಂದೇ ಅರ್ಜಿ, ಅದಕ್ಕೊಂದೇ ಹೆಬ್ಬೆಟ್ಟು. ಗುಡ್ಡದ ಮೇಲಿನ ಶಾಲೆಗೆ ಹೋಗಲು ಇದರ ಹೊರತು ಬೇರೆ ದಾರಿ ಇಲ್ಲ.

ಪರೀಕ್ಷೆಗಳು ಎರಡು. ಎರಡೂ ಇಂಗ್ಲಿಷಿನವು. ಅವಕ್ಕೆ ಉದ್ದುದ್ದ ಹೆಸರುಗಳಿವೆ, ನಾನು ಹೇಳುವುದಿಲ್ಲ, ಯಾಕೆ ಹೇಳಲಿ? ನಮ್ಮ ಜನ ಒಂದಕ್ಕೆ ಪದದ ಪರೀಕ್ಷೆ ಎನ್ನುತ್ತಾರೆ, ಇನ್ನೊಂದಕ್ಕೆ ಸಾಕು ಪರೀಕ್ಷೆ ಎನ್ನುತ್ತಾರೆ. ಪದದ ಪರೀಕ್ಷೆಯಲ್ಲಿ ಭೂಮಿಯ ಮೇಲೆ ಯಾರೂ ಆಡದ ಮಾತುಗಳನ್ನು ಹುಡುಕಿ ತಂದು ಅರ್ಥ ಕೇಳುತ್ತಾರೆ. ಸಾಕು ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತಾರೆ, ಆದರೆ ಉತ್ತರ ಬೇಡ ಎನ್ನುತ್ತಾರೆ. ಪ್ರಶ್ನೆಯ ಕೆಳಗೆ ಎರಡು ಸಂಗತಿ ಕೊಡುತ್ತಾರೆ. ಉತ್ತರ ಕಂಡುಹಿಡಿಯಲು ಒಂದೇ ಸಾಕೋ, ಎರಡೂ ಬೇಕೋ, ಎರಡೂ ಸೇರಿದರೂ ಸಾಲದೋ, ಅಷ್ಟು ಹೇಳಿದರೆ ಆಯಿತು. ಇಂಥ ಕೆಲಸಕ್ಕೆ ಜನ ಕೂತು ತಲೆ ಕೆಡಿಸಿಕೊಂಡಿದ್ದಾರಲ್ಲ, ಅದಕ್ಕೇ ನನಗೆ ಸಿಟ್ಟು.

ನಾನು ಓದಿದ್ದು ಎಂಟನೆಯ ತರಗತಿ, ಅದೂ ಅರ್ಧ. ಒಂದು ದಿನ ತಡವಾಗಿ ಹೋದೆ. ಇಂಗ್ಲಿಷ್ ಮಾಸ್ತರು "ವೈ ಆರ್ ಯು ಲೇಟ್?" ಎಂದು ಕೇಳಿದರು. ನಾನು "ಯಸ್ ಸರ್" ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮರುದಿನ ನಾನು ಗಂಟೆ ಬಾರಿಸುವ ಮೊದಲೇ ಹೋಗಿ ಕೂತಿದ್ದೆ. ಆದರೂ ಮಾಸ್ತರು ನನ್ನನ್ನೇ ಎಬ್ಬಿಸಿ ಅದನ್ನೇ ಕೇಳಿದರು, ಮತ್ತೊಮ್ಮೆ ನಗಿಸಲು. ಮೂರನೆಯ ದಿನ ನಾನು ಶಾಲೆಗೆ ಹೋಗಲಿಲ್ಲ, ಖಾನಾವಳಿಗೆ ಹೋದೆ. ಅಂದಿನಿಂದ ಅಲ್ಲಿ ಊಟ ಬಡಿಸುತ್ತೇನೆ. ಅಲ್ಲಿಗೆ ಬೇಕಾದ ರೊಟ್ಟಿ ಅವ್ವ ಮನೆಯಲ್ಲಿ ಬಡಿದು ಕೊಡುತ್ತಾಳೆ. ಅಪ್ಪ ತೀರಿಕೊಂಡು ಆರು ವರ್ಷ.

ಓದಿದವಳು ನಮ್ಮಕ್ಕ ನೀಲಗಂಗಾ. ಡಿಗ್ರಿಯಲ್ಲಿ ಲೆಕ್ಕಕ್ಕೆ ನೂರಕ್ಕೆ ತೊಂಬತ್ತೆಂಟು. ಆದರೆ ಅವಳಿಗೆ ಹಿಡಿದ ಹುಚ್ಚು ಲೆಕ್ಕದ್ದಲ್ಲ, ನೀರಿನದು. ಬಚ್ಚಲಲ್ಲಿ ಬಕೆಟ್ ಸುರಿದು, ನೀರು ತೂತಿನ ಹತ್ತಿರ ಸುಳಿಸುಳಿಯಾಗಿ ತಿರುಗಿ ಇಳಿಯುವುದನ್ನು ಕುಕ್ಕರಗಾಲಲ್ಲಿ ಕೂತು ನೋಡುತ್ತಾಳೆ. "ಸುಳಿ ಎಲ್ಲಿ ಹುಟ್ಟತೈತಿ, ಎಲ್ಲಿ ಮುರೀತೈತಿ, ಇನ್ನೂ ಯಾರಿಗೂ ಗೊತ್ತಿಲ್ಲ ಯಮನೂರ" ಎನ್ನುತ್ತಾಳೆ. ಗುಡ್ಡದ ಶಾಲೆಯಲ್ಲಿ ಮೂವತ್ತು ವರ್ಷದಿಂದ ಇದೊಂದನ್ನೇ ನೋಡುತ್ತಿರುವ ಒಬ್ಬ ಮುದುಕ ಇದ್ದಾನಂತೆ. ಅವನ ಹತ್ತಿರ ಹೋಗಬೇಕು, ಅದೊಂದೇ ಅವಳ ಆಸೆ. ಬೇರೆ ಸೀರೆ ಬೇಡ, ಬಳೆ ಬೇಡ, ಗಂಡ ಬೇಡ.

ಯಾವ ಪರೀಕ್ಷೆಗೆ ಹೆಬ್ಬೆಟ್ಟು ಒತ್ತಬೇಕು ಎನ್ನುವುದೇ ಪ್ರಶ್ನೆ. ಒತ್ತುವ ಮೊದಲು ಒಂದೊಂದು ಪರೀಕ್ಷೆಯನ್ನೂ ಒಂದೊಂದು ವಾರ ಮನೆಯಲ್ಲಿಟ್ಟುಕೊಂಡು ನೋಡಬಹುದು. ಅದಕ್ಕೆ ರುಚಿವಾರ ಎನ್ನುತ್ತಾರೆ. ಮೊದಲು ಪದದ ಪರೀಕ್ಷೆಯನ್ನು ಕರೆದೆವು.

ಪದದ ಸಾಹೇಬರು ಒಂದು ಟ್ರಂಕು ಹೊತ್ತು ಬಂದರು. ಅದರ ತುಂಬ ಚೀಟಿಗಳು, ಮೂರು ಸಾವಿರದ ನಾನೂರು. ಜೊತೆಗೆ ಒಂದು ಡಬ್ಬಿ ಅಂಟು. ಬಂದವರೇ ಎರಡು ಕಿವಿಗೂ ಹತ್ತಿ ತುರುಕಿಕೊಂಡು, "ಇನ್ನು ಈ ಮನೆಯಲ್ಲಿ ಆಡುವ ಸಣ್ಣ ಮಾತು ಯಾವುದೂ ನನಗೆ ಕೇಳಿಸುವುದಿಲ್ಲ" ಎಂದು, ಕಂಡ ಕಂಡ ಸಾಮಾನಿಗೆಲ್ಲ ಚೀಟಿ ಅಂಟಿಸಿದರು. ಯಾವುದನ್ನು ಮುಟ್ಟಬೇಕಾದರೂ ಅದರ ಚೀಟಿಯಲ್ಲಿದ್ದ ಪದ ಹೇಳಿಯೇ ಮುಟ್ಟಬೇಕು. ಬೆಂಕಿಪೊಟ್ಟಣ ಅವರ ಜೇಬಿನಲ್ಲಿ.

"ಒಲಿ ಹಚ್ಚಬೇಕ್ರಿ ಸಾಹೇಬ್ರ" ಎಂದಳು ಅವ್ವ.

ಸಾಹೇಬರು ಒಲೆಯ ಚೀಟಿ ತೋರಿಸಿದರು. "ಕಾನ್‌ಫ್ಲಗ್ರೇಶನ್."

"ಏನಂದ್ರಿ?"

"ಕಾನ್. ಫ್ಲ. ಗ್ರೇ. ಶನ್. ದೊಡ್ಡ ಬೆಂಕಿ."

ಅವ್ವ ಸ್ವಲ್ಪ ಹೊತ್ತು ಒಲೆಯನ್ನೂ ಸಾಹೇಬರನ್ನೂ ನೋಡಿದಳು. ಆಮೇಲೆ ಗಟ್ಟಿಯಾಗಿ, "ಕಂಪ್ಲಿ ಗಿರೀಶಣ್ಣ!" ಎಂದಳು.

ಸಾಹೇಬರು ಒಂದು ಕಿವಿಯ ಹತ್ತಿ ತೆಗೆದು, ಇನ್ನೊಮ್ಮೆ ಹೇಳಿಸಿ, "ಹತ್ತಿರದಲ್ಲಿದೆ" ಎಂದು ಒಂದು ಕಡ್ಡಿ ಕೊಟ್ಟರು. ಅಷ್ಟೇ, ಅವ್ವನಿಗೆ ದಾರಿ ಸಿಕ್ಕಿತು. ಮೂರು ದಿನದಲ್ಲಿ ಮನೆ ತುಂಬ ನೆಂಟರಾದರು. ಒಲೆಯಲ್ಲಿ ಕಂಪ್ಲಿ ಗಿರೀಶಣ್ಣ. ಬಾಯಿಬಡುಕ ಎನ್ನಲು ಗ್ಯಾರುಲಸ್ ಎನ್ನಬೇಕಂತೆ, ಅವನು ಗರಡಿಮನಿ ಉಲ್ಲಾಸ. "ಆ ಉಲ್ಲಾಸಗ ಬಾಯಿ ಮುಚ್ಚಾಕ ಬರೂದಿಲ್ಲ, ನೆನಪ ಇಟ್ಕೋ ನೀಲಾ" ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಪಾಠ ಹೇಳಿದಳು. ಕೆಲವು ಪದ ತಾವಾಗಿಯೇ ಕನ್ನಡಕ್ಕೆ ಬಂದು ಬಿದ್ದವು. ಕ್ಯಾಂಡಿಡ್ ಎಂದರೆ ಕಂಡಿದ್ದು ಕಂಡ ಹಾಗೆ ಹೇಳುವವನು. ಇದು ಸರಿ ಎಂದು ಸಾಹೇಬರೇ ಒಪ್ಪಿದಾಗ ಅವ್ವ ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಆ ಭಾಷೆಯನ್ನು ಅವಳೇ ಹೆತ್ತ ಹಾಗಿತ್ತು.

ನನ್ನ ಅಂಗಿಯ ಬೆನ್ನಿಗೂ ಒಂದು ಚೀಟಿ ಬಿತ್ತು. ಟ್ರಕ್ಯುಲೆಂಟ್. ಏನು ಹಾಗೆಂದರೆ ಎಂದು ಕೇಳಿದರೆ ನೀಲಕ್ಕ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು. ಅದನ್ನು ಹೊತ್ತುಕೊಂಡೇ ಖಾನಾವಳಿಯಲ್ಲಿ ಬಡಿಸಿದೆ. "ಏನಲೇ ಯಮನೂರ, ಟ್ರಕ್ ತಗೊಂಡಿ ಏನ?" ಎಂದು ಗಿರಾಕಿಗಳು ಕೇಳಿದರು. ಸಿಟ್ಟಿನವ, ಜಗಳಗಂಟ ಎಂದು ಅದರ ಅರ್ಥವಂತೆ. ತಿಳಿದ ಮೇಲೆ ನಾನು ಸಾಹೇಬರ ಮೇಲೆ ಎಷ್ಟು ಕೂಗಾಡಿದೆನೆಂದರೆ ಅವರು ಸಂತೋಷದಿಂದ ಇನ್ನೊಂದು ಚೀಟಿ ಅಂಟಿಸಿದರು.

ಶನಿವಾರ ಸಾಹೇಬರು ಕಿವಿಯ ಹತ್ತಿ ತೆಗೆದಿಟ್ಟು ನೀಲಕ್ಕನ ಪರೀಕ್ಷೆ ಮಾಡಿದರು. "ಲುಗೂಬ್ರಿಯಸ್?"

"ಅವಸರದವ, ಸರ್."

"ಅಳುಮೋರೆಯವ" ಎಂದರು ಸಾಹೇಬರು. "ಅವಸರ ಎಲ್ಲಿಂದ ಬಂತು?"

"ಲಗುಬಗಿ ಅಂದ್ರ ಅವಸರ ಅಲ್ಲೇನ್ರೀ?" ಎಂದು ಒಲೆಯ ಮುಂದಿನಿಂದ ಅವ್ವ ಕೇಳಿದಳು. ಪಾಠ ಅವಳದೇ.

ಸಾಹೇಬರು ಉಸಿರು ಬಿಟ್ಟು, "ನಿಮ್ಮ ತಲೆಯಲ್ಲಿ ಮೊದಲೇ ಒಂದು ಭಾಷೆ ಕೂತುಬಿಟ್ಟಿದೆ. ಅದು ಎದ್ದು ಜಾಗ ಕೊಡಬೇಕು" ಎಂದರು.

"ಅದೇನ ಬಾಡಗಿಗೆ ಬಂದೈತೇನ್ರಿ ಸಾಹೇಬ್ರ? ಅಲ್ಲೇ ಹುಟ್ಟೈತಿ!" ಎಂದೆ ನಾನು. ಅವರಿಗೆ ಕೇಳಿಸಲಿಲ್ಲ, ಅಷ್ಟರಲ್ಲಿ ಹತ್ತಿ ಮತ್ತೆ ಕಿವಿ ಸೇರಿತ್ತು. ವಾರದ ಕೊನೆಗೆ ನೀಲಕ್ಕ ಕಲಿತ ಪದ ಅರವತ್ತೊಂದು, ಅವುಗಳಲ್ಲಿ ತಪ್ಪು ಹತ್ತೊಂಬತ್ತು. ಸಾಹೇಬರು ಟ್ರಂಕು ಹೊತ್ತು ಹೋದರು.

ಸೋಮವಾರ ಸಾಕು ಮೇಡಮ್ ಬಂದರು. ಬಂದವರು ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು, "ನಾನು ಒಳಗೆ ಬರಬಹುದೇ? ಸಂಗತಿ ಒಂದು, ಬಾಗಿಲು ತೆರೆದಿದೆ. ಸಂಗತಿ ಎರಡು, ನೀವೇ ನನ್ನನ್ನು ಕರೆಸಿದ್ದೀರಿ" ಎಂದರು.

"ಬರ್ರಿ ಬರ್ರಿ, ಹೊರಗ್ಯಾಕ ನಿಂತ್ರಿ?" ಎಂದಳು ಅವ್ವ.

ಮೇಡಮ್ ಒಂದು ಗೆರೆ ಎಳೆದರು. "ಬನ್ನಿ ಎನ್ನುವಂತಿಲ್ಲ. ಸಾಕೋ ಸಾಲದೋ ಹೇಳಬೇಕು."

ನೀಲಕ್ಕ ಓಡಿಬಂದು "ಎರಡನೇದಷ್ಟ ಸಾಕು" ಎಂದಳು. ಮೇಡಮ್ ಒಳಗೆ ಬಂದರು.

ಅದು ಇನ್ನೊಂದು ಥರದ ಹುಚ್ಚು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವಂತಿಲ್ಲ. ನಮ್ಮ ಓಣಿಯವರಿಗೆ ಇದು ಹೊಸದೇನಲ್ಲ, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ವರ್ಷ ಪರೀಕ್ಷೆ ಕೂತು ಎದ್ದು ಹೋಗಿದೆ. ಎದುರುಮನೆಯ ಪಾರ್ವತೆವ್ವ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದವಳು ಹೊರಗಿನಿಂದಲೇ ಮೇಡಮ್ಮಿನ ಚಪ್ಪಲಿ ನೋಡಿ ತಿಳಿದುಕೊಂಡಳು.

"ನಿಮ್ಮನ್ಯಾಗ ಹೆಪ್ಪ ಐತೇನು? ಒಂದು, ನಾ ವಾಟಗಾ ತಂದೀನಿ. ಎರಡು, ನನ್ನ ಹಾಲು ಆರಾಕ ಹತ್ತೈತಿ."

ಅವ್ವ ನೀಲಕ್ಕನ ಮುಖ ನೋಡಿದಳು. ನೀಲಕ್ಕ ತಲೆಯಾಡಿಸಿದಳು. "ಸಾಲದು" ಎಂದಳು ಅವ್ವ, ಮೊಸರಿನ ಗಡಿಗೆಯ ಮೇಲೆ ಕೈಯಿಟ್ಟುಕೊಂಡೇ.

"ಹಂಗಾರ ಮೂರು. ನಿಮ್ಮ ಮೊಸರಿನ ವಾಸನಿ ನನ್ನ ಮೂಗಿಗೆ ಬಡ್ಯಾಕ ಹತ್ತೈತಿ!"

"ಸಾಕವ್ವ ಸಾಕು!" ಎಂದು ಅವ್ವ ಗಡಿಗೆಯನ್ನೇ ಎತ್ತಿ ಕೊಟ್ಟಳು.

ನೀಲಕ್ಕ ಮಾತ್ರ ಆ ವಾರ ಅರಳಿದಳು. ಲೆಕ್ಕದ ಹುಡುಗಿ, ಮೇಡಮ್ಮಿನ ಪ್ರಶ್ನೆಗಳಲ್ಲಿ ಪದಗಳ ಕಾಟವಿಲ್ಲ, ಅಂಕಿಗಳೇ. ಇದೇ ಸರಿ, ಇದಕ್ಕೇ ಒತ್ತು ಎಂದು ನಾನು ಅಂದುಕೊಂಡೆ. ಆದರೆ ಗುರುವಾರ ಮೇಡಮ್ ನೋಟುಬುಕ್ಕು ತೆರೆದು ತೋರಿಸಿದರು. ನಲವತ್ತು ಪ್ರಶ್ನೆ. ಇಪ್ಪತ್ಮೂರು ತಪ್ಪು. ಎಲ್ಲ ತಪ್ಪೂ ಒಂದೇ ಥರದ್ದು. ಒಂದೇ ಸಂಗತಿ ಸಾಕಾಗಿದ್ದ ಕಡೆಯಲ್ಲೆಲ್ಲ ನೀಲಕ್ಕ ಎರಡೂ ಬೇಕು ಎಂದಿದ್ದಳು.

"ಇವಳ ಲೆಕ್ಕ ಸರಿ. ಸಾಕು ತಪ್ಪು" ಎಂದರು ಮೇಡಮ್. "ಈ ಊರಿನವರೆಲ್ಲರದೂ ಇದೇ. ನಲವತ್ತು ವರ್ಷದಲ್ಲಿ ಈ ಪರೀಕ್ಷೆ ದಾಟಿದವರು ಇಲ್ಲಿ ಒಬ್ಬರೂ ಇಲ್ಲ. ಯಾಕೆಂದು ನಮಗೂ ತಿಳಿದಿಲ್ಲ."

ಅವರಿಗೆ ತಿಳಿಯದ ಇನ್ನೊಂದು ಸಂಗತಿಯಿತ್ತು. ಊಟಕ್ಕೆ ಕೂತಾಗ ಅವರು ಎರಡು ರೊಟ್ಟಿಗೆ "ಸಾಕು" ಎನ್ನುತ್ತಿದ್ದರು. ಅವ್ವ ಮೂರನೆಯದು ಹಾಕುತ್ತಿದ್ದಳು. "ಸಾಕು" ಎಂದರೆ ಎಣ್ಣೆಗಾಯಿ ಬದನೆ ಬೀಳುತ್ತಿತ್ತು. "ನಾನು ಸಾಕು ಎಂದೆನಲ್ಲ!" ಎಂದರೆ, "ಅಯ್ಯ, ಎಲ್ಲಿ ಉಂಡ್ರಿ? ಗುಬ್ಬಿ ಉಂಡಂಗ ಉಂಡ್ರಿ" ಎಂದು ಅನ್ನ ಬೀಳುತ್ತಿತ್ತು. ತಟ್ಟೆಯಲ್ಲಿ ಬಿಡುವುದು ಮರ್ಯಾದೆಯಲ್ಲವೆಂದು ಅವರು ಎಲ್ಲವನ್ನೂ ತಿಂದರು. ಬುಧವಾರ ಅವ್ವನನ್ನು ಬೆಳಕಿಗೆ ಕರೆದು ಕಿವಿಯೊಳಗೆ ಬಗ್ಗಿ ನೋಡಿದರು, ಏನಾದರೂ ದೋಷವಿದೆಯೋ ಎಂದು. ಗುರುವಾರ ಚಾಪೆಯಿಂದ ಅವರಿಗೆ ಏಳಲಾಗಲಿಲ್ಲ, ನಾನೂ ನೀಲಕ್ಕನೂ ಎರಡು ಕಡೆ ಹಿಡಿದು ಎಬ್ಬಿಸಿದೆವು.

ಎಬ್ಬಿಸುವಾಗಲೇ ನನಗೆ ಹೊಳೆಯಿತು. ಒಂಬತ್ತು ವರ್ಷದಿಂದ ನಾನು ಬಡಿಸುತ್ತಿದ್ದೇನೆ, ಸಾಕು ಎನ್ನುವ ಮಾತನ್ನು ನನ್ನಷ್ಟು ಕೇಳಿದವರು ಯಾರೂ ಇಲ್ಲ. ನಮ್ಮೂರಲ್ಲಿ ಮೊದಲನೆಯ ಸಾಕು ನಾಚಿಕೆಯದು. ಎರಡನೆಯದು ಬಡಿಸುವವರ ಮನಸ್ಸಿಗೆ. ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು ಹೇಳುತ್ತಾರಲ್ಲ, ಆ ಮೂರನೆಯದಷ್ಟೇ ಹೊಟ್ಟೆಯದು. ಮೊದಲನೆಯ ಸಾಕಿಗೇ ಕೈ ಹಿಂದೆ ತೆಗೆದರೆ ಗಿರಾಕಿ ಎದ್ದು ಹೋಗಿ ಊರೆಲ್ಲ ಹೇಳುತ್ತಾನೆ, ಆ ಖಾನಾವಳಿಯಲ್ಲಿ ಮನುಷ್ಯರಿಲ್ಲ ಎಂದು.

"ನೀಲಕ್ಕಾ, ಖರೆ ಹೇಳು" ಎಂದೆ. "ಮೊದಲ್ನೇ ಸಂಗತಿಗೇ ಉತ್ತರ ಕಂಡಿತ್ತೋ ಇಲ್ಲೋ?"

ಅವಳು ತಪ್ಪಾದ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದಳು. ಅವಳ ಕಿವಿ ಕೆಂಪಾಯಿತು. "ಕಂಡಿತ್ತಲೇ" ಎಂದಳು. "ಎಲ್ಲಾದ್ರಾಗೂ ಕಂಡಿತ್ತು. ಆದ್ರ ಒಂದಕ್ಕ ಸಾಕು ಅನ್ನಾಕ ನಾಚಿಕಿ ಆತು."

ಮೇಡಮ್ ಗೋಡೆಗೆ ಒರಗಿ ನಿಂತು, ಹೊಟ್ಟೆ ಹಿಡಿದುಕೊಂಡು, ನನ್ನ ಮಾತನ್ನು ಪೂರ್ತಿ ಬರೆದುಕೊಂಡರು. ಅವರ ಕಣ್ಣಿನಲ್ಲಿ ಒಂಥರಾ ಭಯ ಕಂಡಿತು.

ಹಾಗಾಗಿ ಆಯ್ಕೆ ಇಷ್ಟಕ್ಕೆ ಬಂದು ನಿಂತಿತು. ಮೂರು ಸಾವಿರದ ನಾನೂರು ಮಾತು ಹೊಸದಾಗಿ ಕಲಿಯುವುದೋ, ಬಾಯಲ್ಲಿರುವ ಒಂದೇ ಒಂದು ಮಾತನ್ನು ಬಿಡುವುದೋ. ನಾನು ಸಾಕು ಪರೀಕ್ಷೆ ಎಂದೆ. ಬೇಡ ಎಂದಳು ನೀಲಕ್ಕ.

"ಪದಕ್ಕ ಒತ್ತತೀನಿ. ಅವ್ವಗೂ ಅದರಾಗ ಖುಷಿ ಐತಿ. ಹಗಲೆಲ್ಲಾ ನಕ್ಕೋತ ಇದ್ಲು."

"ತೊಂಬತ್ತು ದಿನದಾಗ ಎಷ್ಟು ಕಲೀತಿ? ವಾರಕ್ಕ ಅರವತ್ತೊಂದು, ಅದರಾಗ ಹತ್ತೊಂಬತ್ತು ಲಗುಬಗಿ! ನಿನಗ ಗುಡ್ಡಕ್ಕ ಹೋಗಬೇಕೋ, ಅವ್ವನ್ನ ನಗಸಬೇಕೋ?"

"ಹೋಗಬೇಕು."

"ಮತ್ತ?"

"ಮತ್ತ ಅಂದ್ರ? ನೀ ಏನ ಪರೀಕ್ಷಾ ಬರ್ಯಾಂವೇನಲೇ? ಎಲ್ಲಾರ ಮ್ಯಾಲೂ ಒದರತಿ!"

ರೊಟ್ಟಿಯ ಹಿಟ್ಟು ನಾದುತ್ತಿದ್ದ ಅವ್ವ ನಡುವೆ ಬಾಯಿ ಹಾಕಿದಳು. "ಒಂದ ಮಾತು ಬಿಟ್ರ ಅಕಿ ಹೋಗತಾಳಂದ್ರ ಬಿಡಲಿ. ಒಂದ ಮಾತಿಂದ ನಾವೇನ ಮೂಕರಾಗೂದಿಲ್ಲ." ಹೇಳಿ, ಹಿಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಾದಿದಳು.

ನೀಲಕ್ಕ ಸಾಕು ಪರೀಕ್ಷೆಗೆ ಒತ್ತಿದಳು. ಮೇಡಮ್ ತಮ್ಮ ಹಾಸಿಗೆಯೊಂದಿಗೆ ತೊಂಬತ್ತು ದಿನಕ್ಕೆ ಬಂದರು.

ಪ್ರಶ್ನೆಗಳ ಅಭ್ಯಾಸ ಮೇಡಮ್ ಮಾಡಿಸಿದರು, ಸಾಕಿನ ಅಭ್ಯಾಸ ನಾನು ಮಾಡಿಸಿದೆ, ತಟ್ಟೆಯ ಮುಂದೆ. ನೀಲಕ್ಕ ಸಾಕು ಎಂದರೆ ನನ್ನ ಕೈ ಅಲ್ಲೇ ನಿಲ್ಲಬೇಕು. ಮೊದಲ ವಾರ ಅವಳು ರೂಢಿಯಂತೆ ಒಂದೂವರೆ ರೊಟ್ಟಿಗೆ ಸಾಕು ಎಂದಳು, ನಾನು ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಅವಳು ಹಸಿದ ಹೊಟ್ಟೆಯಲ್ಲಿ ಲೆಕ್ಕ ಮಾಡಿದಳು. ಅವ್ವನ ಕೈಗೆ ಬಡಿಸುವುದನ್ನು ಕೊಟ್ಟು ನೋಡಿದೆವು, ಆಗಲಿಲ್ಲ. ಸಾಕು ಎನ್ನುತ್ತಲೇ ಸೌಟು ತಾನಾಗಿಯೇ ತಟ್ಟೆಗೆ ಸುರಿಯುತ್ತಿತ್ತು. ಕೊನೆಗೆ ಅವ್ವ ಊಟದ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕೂರಲು ಶುರು ಮಾಡಿದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಅರ್ಧ ಉಂಡು ಏಳುವ ಸದ್ದನ್ನು ಬೆನ್ನಿನಿಂದ ಕೇಳಿಸಿಕೊಳ್ಳುತ್ತಿದ್ದಳು. ನಾನು ಬೈದುಕೊಳ್ಳುತ್ತಲೇ ಬುಟ್ಟಿ ಎತ್ತುತ್ತಿದ್ದೆ. ಯಾರನ್ನು ಬೈಯುತ್ತಿದ್ದೆ ಎಂದು ನನಗೂ ಗೊತ್ತಿರಲಿಲ್ಲ.

ನಲವತ್ತನೆಯ ದಿನದ ಹೊತ್ತಿಗೆ ನೀಲಕ್ಕನಿಗೆ ಅದು ಕೂಡಿಬಂತು. ಹೊಟ್ಟೆ ತುಂಬುವವರೆಗೆ ಸುಮ್ಮನಿದ್ದು, ತುಂಬಿದ ಮೇಲೆ ಒಂದೇ ಸಲ, ಬಾಗಿಲು ಹಾಕಿದ ಹಾಗೆ, "ಸಾಕು." ಮೇಡಮ್ಮಿನ ನೋಟುಬುಕ್ಕಿನಲ್ಲಿ ತಪ್ಪು ಇಪ್ಪತ್ಮೂರರಿಂದ ಹನ್ನೊಂದಾಯಿತು, ನಾಲ್ಕಾಯಿತು. ಅದೇ ವಾರ ಸೋದರಮಾವನ ಮನೆಯ ಮದುವೆಗೆ ಹೋಗಿದ್ದೆವು. ಹೋಳಿಗೆ ಬಡಿಸುತ್ತ ಬಂದ ಮುದುಕನಿಗೆ ನೀಲಕ್ಕ ಒಂದೇ ಸಲ ಸಾಕು ಎಂದಳು. ಆ ಧ್ವನಿಗೆ ಅವನು ಬೆದರಿ ಮುಂದೆ ಹೋದ. ಪಂಕ್ತಿಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. "ಯಾರ ಮಗಳವಾ ಇಕಿ?" ಎಂದು ಯಾರೋ ಕೇಳಿದರು. ಅವ್ವ ಎರಡು ತಟ್ಟೆಗಳಾಚೆ ಕೂತಿದ್ದಳು. ನನ್ನ ಮಗಳು ಎನ್ನಲಿಲ್ಲ.

ಪರೀಕ್ಷೆಯ ದಿನ ನೀಲಕ್ಕ ನಾಲ್ಕು ತಾಸು ಒಳಗಿದ್ದಳು. ಹದಿನೈದು ದಿನಕ್ಕೆ ಹಲಗೆಯ ಮೇಲೆ ಹೆಸರು ಬಂತು. ಒಂದೇ ಹೆಸರು, ನಲವತ್ತು ವರ್ಷದಲ್ಲಿ ಮೊದಲನೆಯದು. ಓಣಿಯವರು ಗುಲಾಲು ಎರಚಿದರು, ನಾನು ಖಾನಾವಳಿಯಲ್ಲಿ ಕೇಳದವರಿಗೂ ಹೇಳಿದೆ. ಮೇಡಮ್ ಹೊರಡುವ ದಿನ ಕೊನೆಯ ಊಟಕ್ಕೆ ಕೂತರು. ಪರೀಕ್ಷೆ ಮುಗಿದಿದ್ದರಿಂದ ಸೌಟು ಮತ್ತೆ ಅವ್ವನ ಕೈಯಲ್ಲಿತ್ತು. ಮೇಡಮ್ "ಸಾಕು" ಎಂದರು. ಅವ್ವ ಹಾಕಿದಳು. ಮೇಡಮ್ ಕೈ ಅಡ್ಡ ಹಿಡಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕಲಿತ ಪಾಠ ಒಪ್ಪಿಸುವವರ ಹಾಗೆ, ಮತ್ತೆ "ಸಾಕು" ಎಂದರು, ಅವ್ವನ ಮುಖ ನೋಡುತ್ತ.

ಮರುದಿನ ನೀಲಕ್ಕ ಗುಡ್ಡ ಹತ್ತಿದಳು. ತಿಂಗಳ ಮೇಲೆ ಕಾಗದ ಬಂತು. ಅವ್ವನ ಮುಂದೆ ಕೂತು ನಾನೇ ಓದಿದೆ.

ನೀರಿನ ಮುದುಕನನ್ನು ಕಂಡಿದ್ದಳು. ಅವನು ಯಾವುದೋ ದೂರದ ದೇಶದವನು, ಮುಂದಿನ ನಾಲ್ಕು ಹಲ್ಲಿಲ್ಲ. ಇಂಗ್ಲಿಷಿನಲ್ಲಿ ಅವನಿಗೆ ಬರುವುದು "ಗುಡ್" ಒಂದೇ, ಅದನ್ನೂ ತಪ್ಪಾದ ಜಾಗದಲ್ಲಿ ಹೇಳುತ್ತಾನೆ. ಅವನ ಹತ್ತಿರ ಓದುವವರು ಹನ್ನೊಂದು ಜನ, ಹನ್ನೊಂದು ಭಾಷೆ. ಎಲ್ಲರೂ ಒಂದು ಗಾಜಿನ ತೊಟ್ಟಿಯ ಸುತ್ತ ನಿಂತು, ನೀರಿಗೆ ಮಸಿಯ ಹನಿ ಬಿಟ್ಟು, ಸುಳಿ ಹುಟ್ಟಿದ ಕಡೆ ಬೆರಳು ತೋರಿಸುತ್ತಾರೆ. ಆಮೇಲೆ ಗೋಡೆಯ ಮೇಲೆ ಅಂಕಿ ಬರೆಯುತ್ತಾರೆ. "ಬಂದಾಗಿನಿಂದ ನನಗೆ ಇಲ್ಲಿ ಯಾರೂ ಒಂದು ಪದದ ಅರ್ಥ ಕೇಳಿಲ್ಲ. ಸಾಕೋ ಸಾಲದೋ ಎಂದೂ ಕೇಳಿಲ್ಲ. ನೀನು ಯಾವ ಪರೀಕ್ಷೆ ಬರೆದೆ ಎಂದು ನಾನೇ ಒಬ್ಬೊಬ್ಬರನ್ನು ಸನ್ನೆ ಮಾಡಿ ಕೇಳಿದೆ. ಅರ್ಧ ಜನಕ್ಕೆ ನೆನಪಿಲ್ಲ. ಆದರೆ ತಮ್ಮಾ, ಸುಳಿ ಮುರಿಯುವುದನ್ನು ನಾನು ನೋಡಿದೆ."

"ಊಟದ್ದೇನ ಬರದಾಳ?" ಎಂದು ಅವ್ವ ಕೇಳಿದಳು.

ಹಿಂದೆ ಮುಂದೆ ತಿರುವಿ ನೋಡಿದೆ. "ಏನೂ ಬರದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಕಾಗದ ಹಿಡಿದುಕೊಂಡು ಅರ್ಜಿ ಕಚೇರಿಗೆ ಓಡಿದೆ. ಆ ವರ್ಷದ ಸಾಲು ಮೆಟ್ಟಿಲ ಕೆಳಗಿನವರೆಗೂ ಇತ್ತು. ಕಟ್ಟೆಯ ಮೇಲೆ ಹತ್ತಿ ನಿಂತು ಕಾಗದವನ್ನು ಗಟ್ಟಿಯಾಗಿ ಓದಿದೆ, ಮೊದಲಿನಿಂದ ಕೊನೆಯವರೆಗೆ. "ಕೇಳಿದ್ರಿಲ್ಲೋ? ಅಲ್ಲಿ ಯಾವನಿಗೂ ಇಂಗ್ಲಿಷ ಬರೂದಿಲ್ಲ! ಇದು ಯಾರಿಗೂ ಬೇಕಾಗಿಲ್ಲ! ಯಾಕ ನಿಂತೀರಿ ಇಲ್ಲಿ?"

ಎಲ್ಲರೂ ಮರ್ಯಾದೆಯಿಂದ ಕೇಳಿದರು. ಕಿಟಕಿಯ ಒಳಗಿದ್ದ ಗುಮಾಸ್ತ ಬಾಳೇಶಿ ಕನ್ನಡಕ ಏರಿಸಿ, "ಚೊಲೋ ಬರದಾಳ. ಮುಂದ ಬರ್ರಿ" ಎಂದ.

ಸಾಲಿನ ಮೊದಲಲ್ಲಿ ನಿಂತಿದ್ದ ಹುಡುಗಿಯ ಮುಂದೆ ಎರಡು ಫಾರಮ್ಮುಗಳಿದ್ದವು, ಎಡಕ್ಕೊಂದು ಬಲಕ್ಕೊಂದು. ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಗಾಳಿಯಲ್ಲಿ ಹಿಡಿದಿದ್ದಳು. "ಅಣ್ಣಾ" ಎಂದಳು, "ನೀವು ಹೇಳೂದೆಲ್ಲಾ ಖರೆ ಇರಬಹುದು. ಮಸಿ ಒಣಗಾಕ ಹತ್ತೈತಿ. ಯಾವುದಕ್ಕ ಒತ್ತಲಿ?"

ಎರಡನ್ನೂ ಹರಿದು ಬಾಳೇಶಿಯ ಬಾಯಿಗೆ ತುರುಕಬೇಕೆನ್ನಿಸಿತು. ಹುಡುಗಿ ಬೆರಳು ಹಿಡಿದುಕೊಂಡೇ ಇದ್ದಳು.

"ಲೆಕ್ಕ ಬರತೈತೇನು?" ಎಂದೆ.

"ಬರತೈತಿ."

"ಮನ್ಯಾಗ ಊಟಕ್ಕ ಬಡಿಸಾಕಿ ಯಾರು?"

"ನಮ್ಮಜ್ಜಿ."

"ಗಟ್ಟಿ ಅದಾಳೇನು?"

ಅವಳು ಯೋಚಿಸಿದಳು. "ಇಲ್ರಿ. ಸಣ್ಣದಕ್ಕೂ ಅಳತಾಳ."

"ಹಂಗಾರ ಪದಕ್ಕ ಒತ್ತು."

ಅವಳು ಬಲಗಡೆಯ ಪದದ ಫಾರಮ್ಮಿಗೆ ಒತ್ತಿಬಿಟ್ಟಳು. ಇನ್ನೊಂದು ಮಾತು ಕೇಳಲಿಲ್ಲ. ಒತ್ತಿದ್ದನ್ನು ನೋಡಿದ ಮೇಲೆ ನನಗೆ ಎಲ್ಲ ನೆನಪಾಯಿತು. ಮೂರು ಸಾವಿರದ ನಾನೂರು ಚೀಟಿ, ಜನ್ಮಕ್ಕೊಂದೇ ಹೆಬ್ಬೆಟ್ಟು, ಹೇಳಿದವನು ಎಂಟನೆಯ ತರಗತಿ ಬಿಟ್ಟವನು. ಬಾಳೇಶಿ ಧಡ್ಡೆಂದು ಮುದ್ರೆ ಒತ್ತಿದ. ಅವಳ ಹಿಂದಿದ್ದವನು ಅಷ್ಟರಲ್ಲಿ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ ಮೇಲೆತ್ತಿ ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದ.